ತಂತಿಯೂ ಜೋಡಣೆಯೂ: ಮೋಟಾರು ಗಾಡಿಯ ವೈರಿಂಗ್ ದುರಸ್ತಿಯ ಚರಿತ್ರೆ

ಮೋಟಾರು ಗಾಡಿಯ ಚರಿತ್ರೆ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಎಂಜಿನು. ಅದನ್ನು ನಿರ್ಮಿಸಿದ ಮಹನೀಯರ ಹೆಸರು, ಅದರ ಅಶ್ವಶಕ್ತಿ, ಅದು ಓಡಿದ ವೇಗ, ಇವೇ ಪುಸ್ತಕಗಳ ತುಂಬ ಇರುವ ಸಂಗತಿಗಳು. ಆದರೆ ರಸ್ತೆಯ ಬದಿಯಲ್ಲಿ ಬಾನೆಟ್ ಎತ್ತಿಕೊಂಡು ನಿಂತಿರುವ ಗಾಡಿಗಳ ಬಳಿಗೆ ಹೋಗಿ ವಿಚಾರಿಸಿದರೆ ಇನ್ನೊಂದು ಚರಿತ್ರೆ ಹೊರಡುತ್ತದೆ. ಉಕ್ಕಿನ ಎಂಜಿನು ಗಟ್ಟಿಮುಟ್ಟಾಗಿಯೇ ಇರುತ್ತದೆ. ಗಾಡಿಯನ್ನು ನಿಲ್ಲಿಸಿರುವುದು ಕಡ್ಡಿಯಷ್ಟು ದಪ್ಪದ ಒಂದು ತಂತಿ, ಇಲ್ಲವೆ ಉಗುರಿನಷ್ಟು ಅಗಲದ ಒಂದು ಹಿತ್ತಾಳೆಯ ತುಂಡು. ಈ ತಂತಿಯ ಮತ್ತು ಅದರ ಜೋಡಣೆಯ ಚರಿತ್ರೆಯೆಂದರೆ ಬಹುಮಟ್ಟಿಗೆ ದುರಸ್ತಿಯ ಚರಿತ್ರೆಯೇ. ಅದನ್ನು ಬರೆದವರು ಕಡಮೆ. ಅದನ್ನು ಕೈಯಾರೆ ಮಾಡಿದವರ ಹೆಸರುಗಳಂತೂ ಎಲ್ಲಿಯೂ ದಾಖಲಾಗಿಲ್ಲ.

ಹಾಗಿದ್ದರೂ ಈ ಸಾಲಿನ ಮೊತ್ತಮೊದಲಿನ ಹೆಸರು ಮಾತ್ರ ನಮಗೆ ತಿಳಿದಿದೆ. ಅದು ಒಬ್ಬ ಗೃಹಿಣಿಯದೆಂಬುದು ಸ್ವಾರಸ್ಯಕರವಾದ ಸಂಗತಿ. ಜರ್ಮನಿಯ ಕಾರ್ಲ್ ಬೆಂಜ್ 1886ನೆಯ ಇಸವಿಯ ಜನವರಿ 29ರಂದು ತನ್ನ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಕೋರಿ ಅರ್ಜಿ ಸಲ್ಲಿಸಿದನು. ಗಾಡಿಯೇನೋ ಸಿದ್ಧವಾಯಿತು, ಅದನ್ನು ನಂಬಿ ಕೊಳ್ಳುವವರು ಮಾತ್ರ ವಿರಳರಾಗಿದ್ದರು. 1888ರ ಆಗಸ್ಟ್ ತಿಂಗಳಲ್ಲಿ ಆತನ ಪತ್ನಿ ಬರ್ತಾ ಬೆಂಜ್ ಗಂಡನಿಗೆ ತಿಳಿಸದೆ, ತನ್ನ ಇಬ್ಬರು ಗಂಡುಮಕ್ಕಳೊಡನೆ ಮಾನ್‌ಹೈಮ್ ಊರಿನಿಂದ ತನ್ನ ತವರಾದ ಫೋರ್ಟ್ಸ್‌ಹೈಮಿಗೆ ಆ ಗಾಡಿಯಲ್ಲೇ ಹೊರಟಳು. ದಾರಿ ನೂರು ಕಿಲೋಮೀಟರಿಗೂ ಮಿಕ್ಕಿದ್ದು. ಇಂಧನ ತೀರಿದಾಗ ವೀಸ್‌ಲೋಕ್ ಎಂಬಲ್ಲಿ ಔಷಧದ ಅಂಗಡಿಯಿಂದ ಲಿಗ್ರೋಯಿನ್ ಎಂಬ ದ್ರಾವಣವನ್ನು ಕೊಂಡಳು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಅದನ್ನು ಬಿಡಿಸಿದಳು. ಕಿಡಿ ಹಾರಿಸುವ ತಂತಿಯ ಹೊದಿಕೆ ಸವೆದು ವಿದ್ಯುತ್ತು ಸೋರತೊಡಗಿದಾಗ, ತನ್ನ ಕಾಲುಚೀಲದ ಪಟ್ಟಿಯನ್ನೇ ಬಿಚ್ಚಿ ಅದಕ್ಕೆ ಸುತ್ತಿದಳೆಂದು ಆ ಪಯಣದ ವೃತ್ತಾಂತವು ಹೇಳುತ್ತದೆ. ಮೋಟಾರು ಗಾಡಿಯ ಮೊದಲ ದೀರ್ಘ ಪ್ರಯಾಣದಲ್ಲಿಯೇ ವೈರಿಂಗ್ ದುರಸ್ತಿಯೂ ನಡೆದುಹೋಯಿತು. ಇಂದು ಮೆಕ್ಯಾನಿಕ್ಕನು ಕರಿಯ ಟೇಪು ಸುತ್ತುವಾಗ ಮಾಡುವುದೂ ಅದನ್ನೇ.

ಆ ಪಟ್ಟಿ ಮಾಡಿದ ಕೆಲಸವೇನು? ವಿದ್ಯುತ್ ಪ್ರವಾಹದ ಲೆಕ್ಕ ನಮ್ಮ ಜಮಾ-ಖರ್ಚಿನ ಲೆಕ್ಕದಂತೆಯೇ. ಬ್ಯಾಟರಿಯ ಒಂದು ತುದಿಯಿಂದ ಹೊರಟದ್ದು ಇನ್ನೊಂದು ತುದಿಗೆ ಹಿಂದಿರುಗಿ ಬರಲೇಬೇಕು; ಬಾರದಿದ್ದರೆ ಆ ಖಾತೆಯೇ ನಡೆಯುವುದಿಲ್ಲ. ಗಾಡಿಯಲ್ಲಿ ಹೋಗುವ ದಾರಿಗೆ ತಂತಿಯನ್ನು ಹಾಕಿ, ಬರುವ ದಾರಿಗೆ ಗಾಡಿಯ ಲೋಹದ ಮೈಯನ್ನೇ ಬಳಸುವ ಪದ್ಧತಿ ಕಾಲಕ್ರಮದಲ್ಲಿ ಬೆಳೆದು ಬಂದಿತು. ಇದನ್ನೇ ಕೆಲಸಗಾರರು ‘ಅರ್ಥ್’ ಎನ್ನುವುದು. ಇದರಿಂದ ಅರ್ಧದಷ್ಟು ತಂತಿ ಉಳಿಯಿತು. ಆದರೆ ಹೊದಿಕೆ ಸವೆದ ತಂತಿ ಎಲ್ಲಿ ಮೈಗೆ ತಾಗಿದರೂ ಪ್ರವಾಹವು ದೀಪಕ್ಕೋ ಕಿಡಿಗೋ ಹೋಗದೆ ಅಡ್ಡದಾರಿಯಲ್ಲಿ ಹಿಂದಿರುಗುವ ಅಪಾಯವೂ ಬಂದಿತು. ಈ ಅಡ್ಡದಾರಿಗೆ ‘ಶಾರ್ಟ್’ ಎಂದು ಹೆಸರು. ದಾರಿ ಕಡಿದುಹೋದರೆ ಗಾಡಿ ನಿಲ್ಲುತ್ತದೆ. ಅಡ್ಡದಾರಿಯಾದರೆ ತಂತಿ ಕೆಂಪಗೆ ಕಾದು ಗಾಡಿಯೇ ಹೊತ್ತಿಕೊಳ್ಳಬಹುದು. ದಾರಿಯ ನಡುವೆ ತಾನು ಕರಗಿ ಉಳಿದದ್ದನ್ನು ಕಾಪಾಡುವ ಫ್ಯೂಸು ಬಂದದ್ದು ಈ ಭಯದಿಂದಲೇ.

ಮೊದಮೊದಲು ಗಾಡಿಯಲ್ಲಿ ವಿದ್ಯುತ್ತಿಗಿದ್ದ ಕೆಲಸ ಒಂದೇ, ಕಿಡಿ ಹಾರಿಸುವುದು. ಸ್ಟಟ್‌ಗಾರ್ಟಿನಲ್ಲಿ 1886ರಲ್ಲಿ ಕಾರ್ಯಾಗಾರವನ್ನು ತೆರೆದ ರಾಬರ್ಟ್ ಬಾಷ್ 1897ರಲ್ಲಿ ಮೋಟಾರು ಗಾಡಿಗೆ ಮ್ಯಾಗ್ನೆಟೊವನ್ನು ಹೊಂದಿಸಿದನು. ಆತನ ಸಹೋದ್ಯೋಗಿ ಗಾಟ್ಲೋಬ್ ಹೋನೊಲ್ಡ್ 1902ರಲ್ಲಿ ಹೆಚ್ಚು ವೋಲ್ಟಿನ ಮ್ಯಾಗ್ನೆಟೊವನ್ನೂ ಅದಕ್ಕೆ ಒಪ್ಪುವ ಸ್ಪಾರ್ಕ್ ಪ್ಲಗ್ಗನ್ನೂ ಸಿದ್ಧಗೊಳಿಸಿದನು. ಆಗ ದೀಪಗಳು ಉರಿಯುತ್ತಿದ್ದುದು ಕಾರ್ಬೈಡಿನ ಅನಿಲದಿಂದ. ಎಂಜಿನು ಚಾಲೂ ಆಗುತ್ತಿದ್ದುದು ಕೈಯಿಂದ ಹ್ಯಾಂಡಲ್ ತಿರುಗಿಸುವುದರಿಂದ. ಹ್ಯಾಂಡಲ್ ಒಮ್ಮೊಮ್ಮೆ ಹಿಂದಕ್ಕೆ ಒದೆದು ಎಷ್ಟೋ ಜನರ ಮಣಿಕಟ್ಟನ್ನು ಮುರಿದದ್ದುಂಟು. ಅಮೆರಿಕದ ಚಾರ್ಲ್ಸ್ ಕೆಟ್ಟರಿಂಗ್ ಈ ಕಷ್ಟವನ್ನು ತಪ್ಪಿಸಿದನು. ಎಂಜಿನನ್ನು ಚಾಲೂ ಮಾಡಲು ಬೇಕಾದದ್ದು ಕೆಲವೇ ಕ್ಷಣಗಳ ಶಕ್ತಿ. ಆದುದರಿಂದ ಚಿಕ್ಕ ಮೋಟಾರಿನಿಂದ ಅಷ್ಟು ಹೊತ್ತು ಮಾತ್ರ ಅದರ ಅಳವಿಗೆ ಮೀರಿದ ಕೆಲಸವನ್ನು ತೆಗೆಯಬಹುದು ಎಂಬುದು ಆತನ ಯೋಚನೆ. 1912ರ ಕ್ಯಾಡಿಲಾಕ್ ಗಾಡಿಗೆ ‘ಸೆಲ್ಫ್’ ಬಂದದ್ದು ಹೀಗೆ. ಮರುವರ್ಷವೇ ಬಾಷ್ ಕಂಪನಿಯು ಡೈನಮೊ, ರೆಗ್ಯುಲೇಟರು ಮತ್ತು ದೀಪಗಳು ಕೂಡಿದ ವ್ಯವಸ್ಥೆಯೊಂದನ್ನು ಮಾರುಕಟ್ಟೆಗೆ ತಂದಿತು. ಜನಸಾಮಾನ್ಯರ ಗಾಡಿಯಾಗಿದ್ದ ಫೋರ್ಡ್ ಮಾಡೆಲ್ ಟಿ 1919ರಲ್ಲಿ ಸೆಲ್ಫನ್ನು ಪಡೆಯಿತು. ಒಂದೆರಡು ತಂತಿಗಳಿದ್ದ ಗಾಡಿಯಲ್ಲಿ ಈಗ ತಂತಿಗಳ ಕಟ್ಟೇ ತುಂಬಿತು. ಅದನ್ನು ರಿಪೇರಿ ಮಾಡುವವನ ಕಸುಬು ಬಡಗಿ, ಕಮ್ಮಾರರ ಕಸುಬಿನಿಂದ ಬೇರೆಯಾಯಿತು.

ಆ ಕಾಲದ ತಂತಿಗೆ ರಬ್ಬರಿನ ಹೊದಿಕೆ, ಅದರ ಮೇಲೆ ಹತ್ತಿಯ ನೇಯ್ಗೆ. ಎಂಜಿನಿನ ಶಾಖಕ್ಕೂ ಎಣ್ಣೆಗೂ ರಬ್ಬರು ಕೆಲವೇ ವರ್ಷಗಳಲ್ಲಿ ಒಣಗಿ ಬಿರಿಯುತ್ತಿತ್ತು. ಹತ್ತಿಯು ನೀರು ಹೀರಿ ಕೊಳೆಯುತ್ತಿತ್ತು. 1926ರಲ್ಲಿ ಅಮೆರಿಕದ ವಾಲ್ಡೊ ಸೀಮನ್ ಎಂಬ ರಸಾಯನಜ್ಞನು ಗಡುಸಾದ ಪಿವಿಸಿಯನ್ನು ಮೆತುವಾಗಿ ಮಾಡುವ ಉಪಾಯವನ್ನು ಕಂಡುಹಿಡಿದನು. ಎರಡನೆಯ ಮಹಾಯುದ್ಧದ ಬಳಿಕ ಗಾಡಿಯ ತಂತಿಗಳಿಗೆಲ್ಲ ಅದೇ ಹೊದಿಕೆಯಾಯಿತು. ಬಣ್ಣ ಮಾಸದ ಹೊದಿಕೆ ದೊರೆತುದರಿಂದ ತಂತಿಯ ಕೆಲಸವನ್ನು ಬಣ್ಣದಿಂದಲೇ ಗುರುತಿಸುವುದು ಸುಲಭವಾಯಿತು. ಬ್ರಿಟಿಷ್ ಗಾಡಿಗಳಲ್ಲಿ ಕಂದು ತಂತಿಯೆಂದರೆ ಬ್ಯಾಟರಿಯಿಂದ ನೇರವಾಗಿ ಬಂದದ್ದು, ಬಿಳಿಯದು ಇಗ್ನಿಷನ್ನಿನದು, ಹಸಿರು, ಇಗ್ನಿಷನ್ ಹಾಕಿದ ಮೇಲೆ ಫ್ಯೂಸಿನ ಮೂಲಕ ಹಾಯುವಂಥದು, ನೀಲಿ ಹೆಡ್‌ಲೈಟಿಗೆ, ಕೆಂಪು ಪಕ್ಕದ ಮತ್ತು ಹಿಂದಿನ ದೀಪಗಳಿಗೆ, ಕಪ್ಪು ಅರ್ಥ್‌ಗೆ. ಅಕ್ಷರ ಬಾರದ ಕೆಲಸಗಾರನೂ ಓದಬಲ್ಲ ಲಿಪಿಯಿದು ಎಂದರೆ ಅತಿಶಯೋಕ್ತಿಯಾಗಲಾರದು.

ತಂತಿಯ ಮಾತು ಇಷ್ಟಾದರೆ ಜೋಡಣೆಯದು ಇನ್ನೂ ಸೂಕ್ಷ್ಮವಾದ ವಿಷಯ. ಎರಡು ತಂತಿಗಳನ್ನು ಹೊಸೆದು ಟೇಪು ಸುತ್ತುವುದು ಅತ್ಯಂತ ಹಳೆಯ ಮತ್ತು ಸುಲಭವಾದ ಕ್ರಮ. ತುರ್ತಿಗೆ ಅದು ಸರಿ. ಕಾಯಂ ಆಗಿ ಇರತಕ್ಕದ್ದಲ್ಲ. ಟೇಪಿನ ಅಂಟು ಒಣಗಿದೊಡನೆ ತೇವ ಒಳಸೇರುತ್ತದೆ. ತಾಮ್ರದ ಮೇಲೆ ಹಸಿರು ಕಿಲುಬು ಕಟ್ಟುತ್ತದೆ. ಸೀಸ-ತವರದ ಬೆಸುಗೆ ಇದಕ್ಕಿಂತ ಉತ್ತಮವೆಂಬುದು ನಿಜ. ಆದರೆ ಬೆಸುಗೆಯು ಎಳೆಗಳ ನಡುವೆ ಮೇಲೇರಿ ಅಷ್ಟು ಭಾಗವನ್ನು ಕಡ್ಡಿಯಂತೆ ಸೆಟೆಸಿಬಿಡುತ್ತದೆ. ಗಾಡಿಯ ಎಡೆಬಿಡದ ಅದುರಾಟಕ್ಕೆ ತಂತಿಯು ಬೆಸುಗೆ ಮುಗಿಯುವ ಅಂಚಿನಲ್ಲೇ ಮುರಿಯುತ್ತದೆ. ಯುದ್ಧಕಾಲದಲ್ಲಿ ಸಾವಿರಾರು ವಿಮಾನಗಳಿಗೂ ಹಡಗುಗಳಿಗೂ ತಂತಿ ಜೋಡಿಸಬೇಕಾಗಿ ಬಂದಾಗ, ಬೆಸುಗೆಯಿಲ್ಲದೆ ಒತ್ತಿ ಹಿಡಿಸುವ ಕ್ರಮವು ಬಹಳವಾಗಿ ಹಬ್ಬಿತು. ಅಮೆರಿಕದಲ್ಲಿ 1941ರಲ್ಲಿ ಸ್ಥಾಪನೆಯಾಗಿ ಮುಂದೆ ‘ಆಂಪ್’ ಎಂದು ಪ್ರಸಿದ್ಧವಾದ ಕಂಪನಿಯು ಈ ಕೆಲಸದಲ್ಲಿ ಮುಂದಾಳಾಗಿತ್ತು. ತಂತಿಯ ತುದಿಯನ್ನು ಲೋಹದ ಲಗ್ಗಿನೊಳಗಿಟ್ಟು ತಕ್ಕ ಅಚ್ಚಿನಿಂದ ಒತ್ತಿದರೆ, ಎಳೆಗಳೂ ಲೋಹವೂ ನಡುವೆ ಗಾಳಿಗೂ ಎಡೆಯಿಲ್ಲದಂತೆ ಒಂದಾಗುತ್ತವೆ. ಗಾಳಿಯಿಲ್ಲದೆಡೆಯಲ್ಲಿ ಕಿಲುಬಿಗೂ ಜಾಗವಿಲ್ಲ. ಇದನ್ನೇ ತಕ್ಕ ಉಪಕರಣವಿಲ್ಲದೆ ಬರಿಯ ಇಕ್ಕಳದಿಂದ ಚಪ್ಪಟೆ ಮಾಡಿದರೆ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಸಡಿಲವಾಗಿಯೇ ಇರುತ್ತದೆ.

ಇನ್ನು ನಮ್ಮ ದೇಶದ ಸಂಗತಿಗೆ ಬರೋಣ. ಮುಂಬಯಿಯ ಕನ್ನಡಿಗರು ಇಲ್ಲಿ ಒಬ್ಬ ಕನ್ನಡಿಗರನ್ನು ಸ್ಮರಿಸಲೇಬೇಕು. ಭಾರತದಲ್ಲಿಯೇ ಮೋಟಾರು ಗಾಡಿಗಳು ತಯಾರಾಗಬೇಕೆಂದು 1930ರ ದಶಕದಲ್ಲಿ ಯೋಜನೆ ಸಿದ್ಧಪಡಿಸಿ, ವಿದೇಶದ ಕಾರ್ಖಾನೆಗಳನ್ನು ಕಂಡುಬಂದು, ಇದೇ ಮುಂಬಯಿಯಲ್ಲಿ ಅದಕ್ಕಾಗಿ ಶ್ರಮಿಸಿದವರು ಸರ್ ಎಂ. ವಿಶ್ವೇಶ್ವರಯ್ಯನವರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಆ ಕೆಲಸದಲ್ಲಿ ಜೊತೆಗೂಡಿದರು. ಅಂದಿನ ಭಾರತ ಸರಕಾರದ ಬೆಂಬಲ ದೊರೆಯದೆ ಯೋಜನೆ ಹಿಂದೆಬಿತ್ತು. ವಾಲ್‌ಚಂದರು 1940ರಲ್ಲಿ ಮೈಸೂರು ಸಂಸ್ಥಾನದ ಸಹಕಾರದಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಆರಂಭಿಸಿದರು. 1944ರಲ್ಲಿ ಅವರ ಪ್ರೀಮಿಯರ್ ಆಟೊಮೊಬೈಲ್ಸ್ ಹುಟ್ಟಿತು. ಅದರ ಕುರ್ಲಾ ಕಾರ್ಖಾನೆಯಲ್ಲಿ ತಯಾರಾದ ಫಿಯೆಟ್ ಗಾಡಿಯೇ ಮುಂದೆ ಪದ್ಮಿನಿಯೆಂಬ ಹೆಸರು ಪಡೆದು, ಕಪ್ಪು-ಹಳದಿ ಟ್ಯಾಕ್ಸಿಯಾಗಿ ಈ ನಗರದ ಗುರುತೇ ಆಯಿತು. ಕಲಕತ್ತೆಯ ಬಳಿಯ ಉತ್ತರಪಾರಾದಲ್ಲಿ ಮಾರಿಸ್ ಆಕ್ಸ್‌ಫರ್ಡಿನ ಮಾದರಿಯಲ್ಲಿ ಅಂಬಾಸಿಡರ್ ತಯಾರಾಯಿತು. ಬಾಷ್ ಕಂಪನಿಯ ಸಹಯೋಗದಿಂದ 1951ರಲ್ಲಿ ಸ್ಥಾಪನೆಯಾದ ಮೈಕೊ ಸಂಸ್ಥೆಯು ಬೆಂಗಳೂರಿನ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನು ತಯಾರಿಸಿ ದೇಶಕ್ಕೆಲ್ಲ ಒದಗಿಸಿತು. 1961ರಲ್ಲಿ ಮದರಾಸಿನ ಪಾಡಿಯಲ್ಲಿ ಲ್ಯೂಕಾಸ್-ಟಿವಿಎಸ್ ಆರಂಭವಾಗಿ ಡೈನಮೊ, ಸೆಲ್ಫ್ ಮೊದಲಾದವುಗಳು ಇಲ್ಲಿಯೇ ದೊರೆಯುವಂತಾಯಿತು.

ಗಾಡಿಗಳ ಬೆಲೆ ಹೆಚ್ಚು, ಆಯುಸ್ಸು ದೀರ್ಘ, ಬಿಡಿಭಾಗಗಳು ದುರ್ಲಭ. ಹೀಗಿರುವಲ್ಲಿ ಹಾಳಾದದ್ದನ್ನು ಎಸೆಯುವ ಮಾತೇ ಇರಲಿಲ್ಲ. ಗ್ಯಾರೇಜುಗಳ ಪಕ್ಕದಲ್ಲಿ, ಪೆಟ್ರೋಲ್ ಬಂಕುಗಳ ಎದುರಿನಲ್ಲಿ ‘ಆಟೊ ಎಲೆಕ್ಟ್ರಿಷಿಯನ್’ ಎಂಬ ಫಲಕ ಹೊತ್ತ ಚಿಕ್ಕ ಅಂಗಡಿಗಳು ಎದ್ದವು. ಎರಡು ತಂತಿ ಕಟ್ಟಿದ ಒಂದು ಬಲ್ಬು, ಅಂದರೆ ಟೆಸ್ಟ್ ಲ್ಯಾಂಪು, ಒಂದು ಇಕ್ಕಳ, ಬೆಸುಗೆಯ ಕಬ್ಬಿಣ, ಮರಳು ಕಾಗದ: ಇಷ್ಟೇ ಆತನ ಬಂಡವಾಳ. ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಗಾಡಿಯ ಮೈಗೆ ಹಿಡಿದು ಇನ್ನೊಂದನ್ನು ಬ್ಯಾಟರಿಯಿಂದ ಫ್ಯೂಸಿಗೆ, ಫ್ಯೂಸಿನಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ದೀಪದ ಬುಡಕ್ಕೆ ಮುಟ್ಟಿಸುತ್ತ ಹೋಗುವುದು. ಎಲ್ಲಿಯವರೆಗೆ ಬಲ್ಬು ಹತ್ತಿತೋ ಅಲ್ಲಿಯವರೆಗೆ ದಾರಿ ಸರಿ, ಎಲ್ಲಿ ಹತ್ತಲಿಲ್ಲವೋ ಅದರ ಹಿಂದಿನ ತುಂಡಿನಲ್ಲಿ ದೋಷ. ಲೆಕ್ಕ ತಾಳೆಯಾಗದಾಗ ಪುಟದಿಂದ ಪುಟಕ್ಕೆ ಹಿಂದೆ ಹೋಗಿ ತಪ್ಪು ಹಿಡಿಯುವ ಕ್ರಮಕ್ಕೂ ಇದಕ್ಕೂ ಏನೇನೂ ಭೇದವಿಲ್ಲ. ಈ ವಿದ್ಯೆಗೆ ಆಗ ಪುಸ್ತಕವೆಂದರೆ ಉಸ್ತಾದನ ಕೈಯೊಂದೇ.

ಈ ದೋಷಗಳಲ್ಲಿ ಕಪಟಿಯಾದದ್ದು ಕಿಲುಬು. ಅದು ದಾರಿಯನ್ನು ಪೂರ್ತಿಯಾಗಿ ಕಡಿಯುವುದಿಲ್ಲ, ಇಕ್ಕಟ್ಟು ಮಾಡುತ್ತದೆ. ಒಂದು ಲೆಕ್ಕವನ್ನು ನೋಡೋಣ. 12 ವೋಲ್ಟಿನಲ್ಲಿ 55 ವಾಟಿನ ಹೆಡ್‌ಲೈಟು ಸುಮಾರು 4.6 ಆಂಪಿಯರ್ ಪ್ರವಾಹವನ್ನು ಎಳೆಯುತ್ತದೆ. ಅದರ ಜೋಡಣೆಯಲ್ಲಿ ಕಿಲುಬಿನಿಂದ ಕೇವಲ 0.3 ಓಮಿನ ಅಡ್ಡಿ ಬಂದಿತೆನ್ನಿ. ಬಲ್ಬಿಗೆ ತಲಪುವ ವೋಲ್ಟು ಹತ್ತರಲ್ಲೊಂದು ಪಾಲು ಕಡಮೆಯಾಗುತ್ತದೆ. ವೋಲ್ಟು ಹತ್ತರಲ್ಲೊಂದು ಪಾಲು ಕುಸಿದರೆ ಅಂಥ ಬಲ್ಬಿನ ಬೆಳಕು ಸುಮಾರು ಹತ್ತರಲ್ಲಿ ಮೂರು ಪಾಲು ಕುಂದುತ್ತದೆ. ಅದೇ ಹೊತ್ತಿಗೆ ಆ ಜೋಡಣೆಯಲ್ಲಿ ಸುಮಾರು 5 ವಾಟಿನಷ್ಟು ಶಾಖ ಹುಟ್ಟಿ, ಪ್ಲಾಸ್ಟಿಕ್ಕಿನ ಹೋಲ್ಡರನ್ನು ಮೆಲ್ಲಮೆಲ್ಲನೆ ಸುಡುತ್ತದೆ. ಹಿಂದೆ 6 ವೋಲ್ಟಿನ ಗಾಡಿಗಳಿದ್ದಾಗ ಇಷ್ಟೇ ಅಡ್ಡಿ ಮೂರರಲ್ಲೊಂದು ಪಾಲು ವೋಲ್ಟನ್ನು ನುಂಗುತ್ತಿತ್ತು. 1950ರ ದಶಕದ ನಡುವಿನಿಂದ ಅಮೆರಿಕದ ಗಾಡಿಗಳು 12 ವೋಲ್ಟಿಗೆ ತಿರುಗಿದುದಕ್ಕೆ ಇಂಥ ನಷ್ಟವನ್ನು ತಗ್ಗಿಸುವುದೂ ಒಂದು ಪ್ರಯೋಜನವಾಯಿತು. ರಜೆಯಲ್ಲಿ ಸಂಸಾರಸಮೇತ ಊರಿಗೆ ಹೊರಟು ರಾತ್ರಿಯ ಹೊತ್ತು ಆಂಬೋಲಿಯದೋ ಆಗುಂಬೆಯದೋ ಘಾಟಿಯನ್ನು ಇಳಿಯುವವರಿಗೆ ಆ ಕುಂದಿದ ಬೆಳಕಿನ ಅರ್ಥವೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದಕ್ಕೆ ಹೊಸ ಬಲ್ಬು ಪರಿಹಾರವಲ್ಲ. ಜೋಡಣೆಯನ್ನು ಕಳಚಿ, ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿಯಾಗಿ ಕೂಡಿಸುವುದೇ ಪರಿಹಾರ. ಕಿಲುಬು ಲಗ್ಗನ್ನು ದಾಟಿ ಎಳೆಗಳೊಳಕ್ಕೂ ಏರಿದ್ದರೆ ಅಷ್ಟು ತಂತಿಯನ್ನು ಕತ್ತರಿಸಿ ಹೊಸ ತುಂಡನ್ನು ಹಾಕದೆ ಗತ್ಯಂತರವಿಲ್ಲ.

ಸಮುದ್ರತೀರದ ಈ ನಗರದಲ್ಲಿ ಉಪ್ಪಿನ ಗಾಳಿಯೊಂದೇ ಸಾಲದೆಂಬಂತೆ ಮಳೆಯೂ ತನ್ನ ಪಾಲನ್ನು ಕೂಡಿಸುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದುದನ್ನು ಮುಂಬಯಿಗರು ಮರೆಯುವಂತಿಲ್ಲ. ಆ ದಿನ ಲೆಕ್ಕವಿಲ್ಲದಷ್ಟು ಗಾಡಿಗಳು ನೀರಿನಲ್ಲಿ ಮುಳುಗಿದವು. ಮುಳುಗಿದ ಗಾಡಿಯಲ್ಲಿ ಎಂಜಿನಿನೊಳಗಿನ ನೀರನ್ನು ತೆಗೆಯಬಹುದು, ಸೀಟು ಒಣಗಿಸಬಹುದು. ಆದರೆ ಕಪ್ಲರುಗಳ ಒಳಗೆ ಸೇರಿದ ಕೊಳಕು ನೀರು ಆ ದಿನ ಏನೂ ಮಾಡದೆ, ತಿಂಗಳುಗಳು ಕಳೆದ ಮೇಲೆ ಹಸಿರು ಕಿಲುಬಾಗಿ ಕಾಣಿಸಿಕೊಳ್ಳುತ್ತದೆ. ಮುಳುಗಿದ ಗಾಡಿಗೆ ಕೀಲಿಕೈ ಹಾಕಿ ನೋಡುವ ಚಪಲವನ್ನು ತಡೆದು, ಮೊದಲು ಬ್ಯಾಟರಿಯನ್ನು ಬಿಡಿಸಿ, ಕಪ್ಲರುಗಳನ್ನು ಒಂದೊಂದಾಗಿ ಕಳಚಿ ತೊಳೆದು ಒಣಗಿಸುವುದೇ ಕ್ರಮ. ಅಂಥ ತಾಳ್ಮೆಯ ಕೆಲಸವನ್ನು ಮಾಡಿಸಿದವರ ಗಾಡಿ ಉಳಿಯಿತು. ಅವಸರಪಟ್ಟವರದು ಗುಜರಿಗೆ ಹೋಯಿತು.

ಅಷ್ಟರಲ್ಲಿ ಗಾಡಿಯೇ ಬದಲಾಗತೊಡಗಿತ್ತು. ಕಿಟಕಿ, ಬಾಗಿಲು, ಬ್ರೇಕು, ಇಂಧನ, ಎಲ್ಲಕ್ಕೂ ವಿದ್ಯುತ್ತೇ ಬೇಕಾಗಿ, ಒಂದು ಗಾಡಿಯೊಳಗಿನ ತಂತಿಯ ಉದ್ದವು ಕಿಲೋಮೀಟರನ್ನೂ ಮೀರಿತು. ಈ ಭಾರವನ್ನು ಇಳಿಸಲೆಂದು ಬಾಷ್ ಕಂಪನಿಯು 1986ರಲ್ಲಿ ‘ಕ್ಯಾನ್’ ಎಂಬ ಹೊಸ ಪದ್ಧತಿಯನ್ನು ಪ್ರಕಟಿಸಿತು. ಪ್ರತಿಯೊಂದು ಸುದ್ದಿಗೂ ಬೇರೆ ಬೇರೆ ತಂತಿಯನ್ನು ಎಳೆಯುವ ಬದಲು, ಹೊಸೆದ ಒಂದು ಜೊತೆ ತಂತಿಯ ಮೇಲೆ ಎಲ್ಲ ಸುದ್ದಿಗಳೂ ಸರದಿಯಂತೆ ಹರಿಯುವ ಏರ್ಪಾಡು ಅದು. ಉಪಕಾರವೇನೋ ದೊಡ್ಡದೇ, ಆದರೆ ಹಳೆಯ ಟೆಸ್ಟ್ ಲ್ಯಾಂಪು ಈ ಭಾಷೆಯನ್ನು ಓದಲಾರದು. ಅದರ ಬಲ್ಬು ಎಳೆಯುವ ಪ್ರವಾಹವು ಸೂಕ್ಷ್ಮವಾದ ಯಂತ್ರಭಾಗವನ್ನು ಸುಟ್ಟರೂ ಸುಟ್ಟೀತು.

ಹೊಸದೆಲ್ಲವೂ ನಿರ್ದೋಷವೆಂದು ಇದರ ಅರ್ಥವಲ್ಲ. 1990ರ ದಶಕದ ಮೊದಲ ಅರ್ಧದ ಹಲವು ಮರ್ಸಿಡಿಸ್-ಬೆಂಜ್ ಕಾರುಗಳಲ್ಲಿ, ಮಣ್ಣಿನಲ್ಲಿ ಸುಲಭವಾಗಿ ಕರಗಲೆಂಬ ಸದುದ್ದೇಶದಿಂದ ಆರಿಸಿದ ಹೊದಿಕೆಯು ಎಂಜಿನಿನ ಶಾಖಕ್ಕೆ ಒಣಗಿ ಪುಡಿಪುಡಿಯಾಗಿ ಉದುರಿತು. ಬರ್ತಾ ಬೆಂಜಳ ಗಾಡಿಗೆ ಬಂದ ರೋಗವೇ ನೂರು ವರ್ಷಗಳ ಬಳಿಕ ಆ ವಂಶದ ಗಾಡಿಗೆ ಮರಳಿ ಬಂದಿತು! ತಂತಿಗಳ ಕಟ್ಟನ್ನು ಹೆಣೆಯುವ ಕೆಲಸ ಇಂದಿಗೂ ಬಹುಪಾಲು ಮನುಷ್ಯರ ಕೈಯಿಂದಲೇ ಆಗಬೇಕು. ಬಾಗಿ ಬಳುಕುವ ತಂತಿಯನ್ನು ಹಿಡಿದು ಹೆಣೆಯಲು ಯಂತ್ರಕ್ಕೆ ಸುಲಭವಲ್ಲ. 2022ರಲ್ಲಿ ಉಕ್ರೇನಿನಲ್ಲಿ ಯುದ್ಧ ಹೊತ್ತಿಕೊಂಡು ಅಲ್ಲಿಯ ವೈರಿಂಗ್ ಕಾರ್ಖಾನೆಗಳು ನಿಂತಾಗ, ಫೋಕ್ಸ್‌ವ್ಯಾಗನ್, ಬಿಎಂಡಬ್ಲ್ಯು ಮೊದಲಾದ ಪ್ರಚಂಡ ಕಂಪನಿಗಳೂ ಜರ್ಮನಿಯಲ್ಲಿ ಕೆಲವು ಕಡೆ ತಯಾರಿಕೆಯನ್ನು ನಿಲ್ಲಿಸಬೇಕಾಯಿತು. ತಂತಿಯ ಬೆಲೆ ಎಷ್ಟೆಂಬುದು ಜಗತ್ತಿಗೆ ಆಗ ತಿಳಿಯಿತು.

ಈಗ ನಮ್ಮ ಮುಂದಿರುವ ಪ್ರಶ್ನೆ ಯಾವುದು? 2014ರಲ್ಲಿ ಅಂಬಾಸಿಡರಿನ ತಯಾರಿಕೆ ನಿಂತಿತು. 2023ರ ಅಕ್ಟೋಬರಿನ ಕೊನೆಗೆ ಪದ್ಮಿನಿ ಟ್ಯಾಕ್ಸಿಯು ಮುಂಬಯಿಯ ಬೀದಿಗಳಿಂದ ಅಧಿಕೃತವಾಗಿ ಬೀಳ್ಕೊಂಡಿತು. ಅವುಗಳ ತಂತಿಗಳನ್ನು ಕಣ್ಣುಮುಚ್ಚಿ ಗುರುತಿಸಬಲ್ಲ ಕೈಗಳು ಇನ್ನೂ ನಮ್ಮ ನಡುವೆ ಇವೆ. ಆದರೆ ವಿದ್ಯುತ್ ಗಾಡಿಯ ಬಾನೆಟ್ಟಿನೊಳಗೆ ಕಾಣುವ ಕಿತ್ತಳೆ ಬಣ್ಣದ ಕೇಬಲುಗಳು ಬೇರೆಯೇ ಜಾತಿಯವು. ಅವುಗಳಲ್ಲಿ ಹರಿಯುವುದು ಮುನ್ನೂರು, ನಾಲ್ಕುನೂರು ವೋಲ್ಟು. 12 ವೋಲ್ಟಿನ ತಂತಿಯನ್ನು ಬರಿಗೈಯಲ್ಲಿ ಹಿಡಿದು ಅಭ್ಯಾಸವಾದವನು ಅದೇ ಸಲುಗೆಯಿಂದ ಕಿತ್ತಳೆ ಕೇಬಲನ್ನು ಮುಟ್ಟಿದರೆ ಪ್ರಾಣಕ್ಕೇ ಸಂಚಕಾರ. ನೂರು ವರ್ಷಗಳಿಂದ ಕೈಯಿಂದ ಕೈಗೆ ಬಂದ ಈ ವಿದ್ಯೆಗೆ ಇನ್ನು ಮೇಲೆ ಶಾಸ್ತ್ರೀಯವಾದ ಶಿಕ್ಷಣವೂ ಕೂಡಿಬರಬೇಕು. ಇಲ್ಲವಾದರೆ ಕೆಲಸಗಾರನ ಜೀವ ಹೋಗುತ್ತದೆ, ಇಲ್ಲವೆ ಅವನ ಕಸುಬು ಹೋಗುತ್ತದೆ. ಒಂದು ಕಪ್ಲರು ಕೆಟ್ಟಿತೆಂದು ತಂತಿಗಳ ಇಡೀ ಕಟ್ಟನ್ನೇ ಬದಲಾಯಿಸಿ ಬಿಲ್ಲು ಕೊಡುವ ಕಾಲದಲ್ಲಿ, ಕೆಟ್ಟ ಅಂಗುಲವನ್ನು ಹುಡುಕಿ ತೆಗೆದು ಸರಿಪಡಿಸಬಲ್ಲವನು ಉಳಿಯುವುದು ಮಧ್ಯಮ ವರ್ಗದ ಗೃಹಸ್ಥರಿಗೂ ಲಾಭದ ಸಂಗತಿಯೇ.

ಈ ಶಿಕ್ಷಣ ತಾಯ್ನುಡಿಯಲ್ಲಿ ದೊರೆಯುವಂತಾದರೆ ಇನ್ನೂ ಒಳಿತು. ಕಿಲುಬು, ಬೆಸುಗೆ, ಹೊಸೆ, ಎಳೆ, ಇಕ್ಕಳ: ಈ ಕಸುಬಿಗೆ ಬೇಕಾದ ಎಷ್ಟೋ ಮಾತುಗಳು ನಮ್ಮ ಮನೆಯ ಮಾತಿನಲ್ಲಿ ಮೊದಲೇ ಇವೆ. ತಾಮ್ರದ ಪಾತ್ರೆಯನ್ನು ಹುಣಿಸೆಹಣ್ಣಿನಿಂದ ಉಜ್ಜಿದ ನಮ್ಮ ತಾಯಂದಿರಿಗೆ ಕಿಲುಬೆಂದರೇನೆಂಬುದನ್ನು ಯಾವ ಎಂಜಿನಿಯರನೂ ಹೇಳಿಕೊಡಬೇಕಾಗಿರಲಿಲ್ಲ. ನಾಡಿನಿಂದ ದೂರದಲ್ಲಿರುವ ನಮ್ಮ ಮಕ್ಕಳು ಕನ್ನಡವನ್ನು ಹಬ್ಬದ ದಿನದ ಹಾಡಿಗೆ ಮಾತ್ರ ಮೀಸಲಿಡದೆ, ಇಂಥ ಕೈಗೆಲಸದ ಮಾತಿಗೂ ಬಳಸುವಂತಾದರೆ, ಆ ಭಾಷೆಗೆ ಕಿಲುಬು ಹಿಡಿಯುವ ಭಯವಿರಲಾರದು.